ಗೀಸರ್‌ನ ಭಾರ ಹೊರುವುದು ಯಾವುದು?

ಹೊಸೂರಿನ ಚಳಿಯಲ್ಲಿ ಸುಬ್‌ಹಿ ನಮಾಝಿನ ವುಝೂಗೆ ಬಿಸಿನೀರಿಲ್ಲದಿದ್ದರೆ ಉಮ್ಮನಿಗೆ ಕಷ್ಟ. ಹಾಗಾಗಿ ನಮ್ಮ ಬಾಡಿಗೆ ಮನೆಯ 15 ಲೀಟರ್ ಗೀಸರ್ ಕೆಟ್ಟಾಗ 25 ಲೀಟರಿನದ್ದು ತಂದೆವು. ನಲ್ಲಿಯ ಮೇಲಿನ ಕಪಾಟಿನಲ್ಲಿ ಹಳೆಯ ಪ್ಲೈವುಡ್ ಹಲಗೆಯ ಮೇಲೆಯೇ ಅದನ್ನು ಕೂರಿಸಿದರು. ಉಪ್ಪ ಅಂಗಡಿಯವರು, ಫಿಟ್ಟಿಂಗ್ ಕೂಲಿಯಲ್ಲಿ ಚೌಕಾಸಿ ಮಾಡಿದರು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನಾನೂ ಸುಮ್ಮನಿದ್ದೆ. ಎರಡೇ ತಿಂಗಳಲ್ಲಿ ಹಲಗೆ ಬಾಗಿ, ಪೈಪಿನ ಜಾಯಿಂಟ್ ಬಿಟ್ಟಿತು. ಆಗ ಕೆಳಗೆ ಉಮ್ಮ ವುಝೂ ಮಾಡುತ್ತಿದ್ದರು. ಅಲ್‌ಹಂದುಲಿಲ್ಲಾಹ್, ಏನೂ ಆಗಲಿಲ್ಲ.

ಲೆಕ್ಕ ಸುಲಭ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 25 ಲೀಟರಿಗೆ ನೀರೇ 25 ಕಿಲೋ, ಟ್ಯಾಂಕಿನ ತೂಕ ಬೇರೆ. ನೀರು ಕಾದು ಹಿಗ್ಗಿದಾಗ ಸೇಫ್ಟಿ ವಾಲ್ವ್ ಹನಿ ಬಿಡುತ್ತದೆ, ಅದರಿಂದ ಪ್ಲೈವುಡ್ ನೆನೆಯುತ್ತದೆ. ನೆನೆದ ಹಲಗೆ ಭಾರ ತಾಳುವುದಿಲ್ಲ, ಪೈಪಂತೂ ಭಾರ ಹೊರಲೇಬಾರದು. ಗಟ್ಟಿ ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹಾಕಿ ತೂಗುಹಾಕಬಹುದು. ನಮ್ಮದು ಹಾಲೋ ಬ್ಲಾಕ್ ಗೋಡೆ. ಕೊನೆಗೆ ನೆಲಕ್ಕೆ ಕಾಲೂರಿದ ಕಬ್ಬಿಣದ ಆಂಗಲ್ ಫ್ರೇಮ್ ಮಾಡಿಸಿದೆವು.

ಬಾಡಿಗೆ ಮನೆಗೆ ಇಷ್ಟೆಲ್ಲ ಯಾಕೆ ಎನ್ನಬೇಡಿ. ಮನೆ ಓನರಿನದ್ದು, ಕೆಳಗೆ ನಿಲ್ಲುವ ತಲೆ ನಮ್ಮದು. ಎಷ್ಟು ಲೀಟರ್, ಎಷ್ಟು ರೂಪಾಯಿ ಎಂದು ಕೇಳುವಾಗ, ಭಾರ ಎಲ್ಲಿ ಕೂರುತ್ತದೆ ಎಂದೂ ಕೇಳಿ.