ಹೆಸರಿಲ್ಲದ ಬಿರುಗಾಳಿ, ನೀರು ಕುಡಿದ ಗ್ವಾಡಿ

2009ರ ಹಸ್ತ ಮಳೆ. ನವಲಗುಂದ ತಾಲ್ಲೂಕಿನ ತಿರ್ಲಾಪುರದ ನಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ಕಣ್ಣು ಮುಚ್ಚಲಿಲ್ಲ. ಜಡಿ ಹಿಡಿದು ಮೂರು ದಿನವಾಗಿತ್ತು. ಮೇಲ್ಮುದ್ದಿಯ ಮಣ್ಣು ತೊಲೆಗಳ ಸಂದಿಯಿಂದ ಉದುರತೊಡಗಿತ್ತು. ಅವ್ವ ಹಿತ್ತಲ ಗೋಡೆಗೆ ಅಂಗೈ ಹಚ್ಚಿ ನೋಡಿದಳು. ‘ಗ್ವಾಡಿ ನೀರು ಕುಡದೈತಿ, ಎಲ್ಲಾರೂ ನಡುಮನಿಗೆ ಬರ್ರಿ’ ಅಂದಳು. ಎತ್ತುಗಳ ಕಣ್ಣಿ ಬಿಚ್ಚಿ ಓಣಿಗೆ ಬಿಟ್ಟೆವು. ನಸುಕಿನಲ್ಲಿ ಆ ಗೋಡೆ ನಿಂತಲ್ಲೇ ಕುಸಿಯಿತು.

ಅಂದಿನ ಮಳೆ ಹುಟ್ಟಿದ್ದು ಬಂಗಾಳ ಕೊಲ್ಲಿಯಲ್ಲಿ, ಆಂಧ್ರ ಕರಾವಳಿಯಾಚೆಗಿನ ವಾಯುಭಾರ ಕುಸಿತದಿಂದ. ಅದೇ ವರ್ಷ ದೇಶದ ಮುಂಗಾರು ಶೇ 22ರಷ್ಟು ಕೊರತೆಯಾಗಿತ್ತು. ಬರದ ಮಾತಾಡುತ್ತಿದ್ದ ಉತ್ತರ ಕರ್ನಾಟಕದ ಮೇಲೆ ಸೆಪ್ಟೆಂಬರ್ ಕೊನೆಗೆ ಕೆಲವೇ ದಿನಗಳಲ್ಲಿ ನೆರೆ ಬಂದು ಬಿತ್ತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮನೆ ಬಿದ್ದು ಅದರಡಿ ಸಿಕ್ಕವರು ಅವರಲ್ಲಿ ಅನೇಕರು. ಇಷ್ಟೆಲ್ಲ ಮಾಡಿದ ಆ ಮಳೆಗೆ ಹೆಸರೇ ಇರಲಿಲ್ಲ.

ಹೆಸರು ಸಿಗುವುದಕ್ಕೆ ಒಂದು ಅಳತೆಯಿದೆ. ಸುಳಿಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಅದು ಚಂಡಮಾರುತ; ಆಗಷ್ಟೇ ಪಟ್ಟಿಯಿಂದ ಒಂದು ಹೆಸರು. 2021ರ ಮೇ ತಿಂಗಳ ‘ತೌಕ್ತೆ’ಗೆ ಮ್ಯಾನ್ಮಾರ್ ಕೊಟ್ಟ ಹೆಸರಿತ್ತು. ಅದು ನೆಲ ಮುಟ್ಟಿದ್ದು ಗುಜರಾತಿನಲ್ಲಿ, ಆದರೂ ಪಕ್ಕದಲ್ಲಿ ಹಾದುಹೋಗುವಾಗಲೇ ಉಳ್ಳಾಲದಿಂದ ಕಾರವಾರದವರೆಗೆ ದಂಡೆಯನ್ನು ಜಜ್ಜಿತು. ಕಾಪು ಬಳಿ ಬಂಡೆಗೆ ಸಿಕ್ಕ ಟಗ್‌ನಿಂದ ಒಂಬತ್ತು ಮಂದಿಯನ್ನು ಪಾರು ಮಾಡಿದ್ದನ್ನು ನಾಡೆಲ್ಲ ನೋಡಿತು. ಮುನ್ನೆಚ್ಚರಿಕೆ, ಕ್ಯಾಮೆರಾ, ಅಧಿಕಾರಿಗಳ ಓಡಾಟ ಎಲ್ಲವೂ ಹೆಸರಿನ ಹಿಂದೆ ಬಂದವು. ಬರಬೇಕಾದದ್ದೇ. ಕಡಲ ಮಕ್ಕಳ ನೋವು ಸಣ್ಣದಲ್ಲ.

ನನ್ನ ತಕರಾರು ಬೇರೆ. ಗಾಳಿಯ ವೇಗದಿಂದ ಅಳೆದರೆ ನಮ್ಮೂರಿನ ಕಷ್ಟ ಲೆಕ್ಕಕ್ಕೇ ಬರುವುದಿಲ್ಲ. ಬಯಲುಸೀಮೆಗೆ ಬರುವ ಹೊತ್ತಿಗೆ ಗಾಳಿ ಸತ್ತಿರುತ್ತದೆ, ನೀರು ಉಳಿದಿರುತ್ತದೆ. ನವಲಗುಂದದ ಎರೆ ಹೊಲ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಟ್ಟರೂ ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕೆಲ್ಲ ಮುಚ್ಚಿಕೊಂಡು ನೀರನ್ನು ಒಳಗೆ ಬಿಡದು. ಮೇಲೆ ನಿಂತ ನೀರು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳಿಗೆ ನುಗ್ಗುತ್ತದೆ, ಹಳ್ಳ ತುಂಬಿದರೆ ತಿರುಗಿ ಹೊಲಕ್ಕೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಈ ಸೀಮೆ ಅದನ್ನು ಮತ್ತೊಮ್ಮೆ ಕಂಡಿತು.

ಕಾಲವೂ ಕೆಟ್ಟದ್ದು. ಕೊಲ್ಲಿಯಲ್ಲಿ ಸುಳಿ ಏಳುವ ಹಸ್ತ, ಚಿತ್ತಿ, ಸ್ವಾತಿಯ ದಿನಗಳಲ್ಲೇ ಇಲ್ಲಿ ಉಳ್ಳಾಗಡ್ಡಿ ಕಿತ್ತು ಹೊಲದಲ್ಲಿ ಹರವಿರುತ್ತೇವೆ. ಹತ್ತಿ ಒಡೆಯುತ್ತಿರುತ್ತದೆ, ಮೆಣಸಿನಗಿಡ ಕಾಯಿ ಹಿಡಿದಿರುತ್ತದೆ, ಕಡಲಿ ಬಿತ್ತಲು ಕೂರಿಗೆ ಸಜ್ಜಾಗಿರುತ್ತದೆ. ನಾಲ್ಕು ದಿನದ ಜಡಿಗೆ ಗಡ್ಡಿ ಕೊಳೆತು ಇಡೀ ಹೊಲ ನಾರುತ್ತದೆ. ಆ ವಾಸನೆಯಲ್ಲಿ ನಿಂತು ಚೀಲಕ್ಕೆ ಸಾಲುವಷ್ಟನ್ನಾದರೂ ಆರಿಸಲು ಬಗ್ಗಿದ ಹೆಂಗಸರ ಮುಖ ನನಗೆ ಮರೆಯದು.

ಬೆಳೆ ವಿಮೆಯ ನಿಯಮದಲ್ಲಿ ನಮ್ಮ ಪಾಲಿಗೆ ಒಂದು ಒಳ್ಳೆಯ ಸಾಲಿದೆ: ಕಟಾವಿನ ನಂತರ ಒಣಗಲು ಹರವಿದ ಬೆಳೆ 14 ದಿನದೊಳಗೆ ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಗೆ ಸಿಕ್ಕರೆ ಪರಿಹಾರ ಉಂಟು. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಕರೆಂಟಿಲ್ಲದೆ ಮೊಬೈಲ್ ಸತ್ತ, ಹಳ್ಳ ದಾಟಲಾಗದ ಊರಿಗೆ ಆ 72 ಗಂಟೆ ಮಳೆಯಲ್ಲೇ ಮುಗಿದುಹೋಗುತ್ತದೆ. ಗಡುವನ್ನು ಮಳೆ ನಿಂತ ದಿನದಿಂದ ಎಣಿಸಬೇಕು. ಇನ್ನು ವಿಮೆಯಾಚೆಗಿನ ಬೆಳೆಹಾನಿ ಪರಿಹಾರ: 2022ರ ಕೇಂದ್ರ ಮಾರ್ಗಸೂಚಿಯಲ್ಲಿ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಮೂರೂವರೆ ಸಾವಿರವೂ ಆಗಲಿಲ್ಲ. 2021ರ ಅಕಾಲಿಕ ಮಳೆಗೆ ರಾಜ್ಯ ಸರ್ಕಾರ ಆಗಿನ 6,800ನ್ನು 13,600ಕ್ಕೆ ಏರಿಸಿತ್ತು. ಮನಸ್ಸು ಮಾಡಿದರೆ ಆಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಈಗ ಗ್ರಾಮ ಪಂಚಾಯಿತಿಗಳಲ್ಲಿದೆ. ಎಷ್ಟು ಮಿಲಿಮೀಟರ್ ಬಿತ್ತೆಂದು ಅದು ಹೇಳುತ್ತದೆ. ಎಷ್ಟು ಮಳೆಗೆ ಯಾವ ಓಣಿಯ ಗೋಡೆ ನೀರು ಕುಡಿಯಿತು, ಯಾವ ಹೊಲ ಎಷ್ಟು ದಿನ ಕೆರೆಯಾಯಿತು ಎಂಬುದು ಜನರ ತಲೆಯಲ್ಲಷ್ಟೇ ಇದೆ. ಅವ್ವನ ಅಂಗೈಗೆ ಗೊತ್ತಿದ್ದದ್ದು ಯಾವ ದಫ್ತರದಲ್ಲೂ ಇಲ್ಲ. ಮನೆಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುವ ಕಾಗದ ಗೋಡೆ ಬಿದ್ದ ಮೇಲೆ ಹುಟ್ಟುತ್ತದೆ. ಬೀಳುವ ಮುಂಚಿನ ರಾತ್ರಿಯ ವಿವರಕ್ಕೆ ಅದರಲ್ಲಿ ಜಾಗವಿಲ್ಲ. ಆ ವಿವರ ಮಳೆಮಾಪಕದ ಅಂಕಿಯ ಪಕ್ಕ ಕುಳಿತರೆ, ಮುಂದಿನ ಸಲ ಯಾವ ಮನೆಯವರನ್ನು ಯಾವ ದಿನ ಶಾಲೆಗೆ ಸಾಗಿಸಬೇಕೆಂಬುದು ಪಂಚಾಯಿತಿಗೆ ಮೊದಲೇ ತಿಳಿಯುತ್ತದೆ.

ಪ್ರತಿ ಪಂಚಾಯಿತಿಯಲ್ಲಿ ಅಂಥದೊಂದು ಪುಸ್ತಕ ಇಡಬೇಕು. ಹಿರಿಯರು ಹೇಳಲಿ, ಹೈಸ್ಕೂಲಿನ ಹುಡುಗರು ಬರೆಯಲಿ. ನಮ್ಮ ಮನೆಯದನ್ನು ನಾನು ಇಲ್ಲೇ ಕೊಡುತ್ತೇನೆ: 2009, ಹಸ್ತ ಮಳೆ, ಜಡಿಯ ಮೂರನೇ ದಿನ. ಮಣ್ಣು ಉದುರಲು ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ. ಹಿತ್ತಲ ಗೋಡೆ ಬಿದ್ದದ್ದು ನಸುಕಿಗೆ. ಅದರಡಿ ಯಾರೂ ಇರಲಿಲ್ಲ.