ಪ್ರೌಢಶಾಲೆಯ ವಿದ್ಯಾರ್ಥಿಗೆ ಕಾಲೇಜಿನ ಪಾಠ: ಒಂದು ವಿಚಾರ

ಈ ಸಂಸ್ಮರಣ ಸಂಪುಟಕ್ಕೆ ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಪ್ರಗತಿಯನ್ನು ಕೊಂಡಾಡುವ ನಾಲ್ಕು ಮಾತುಗಳನ್ನು ಬರೆದು ಕೃತಾರ್ಥನಾಗುವುದು ಸುಲಭವಾಗಿತ್ತು. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಇದೇ ಸಂಪುಟದಲ್ಲಿ ನೆರವೇರಿಸಿರುವರು. ನಾನಾದರೋ ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿರುವ ಪ್ರಶ್ನೆಯೊಂದನ್ನು ವಾಚಕರ ಮುಂದಿಡಬಯಸುತ್ತೇನೆ. ಪ್ರೌಢಶಾಲೆಯಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬನು ಯಾವುದೋ ಒಂದು ವಿಷಯದಲ್ಲಿ ತನ್ನ ತರಗತಿಯನ್ನು ಮೀರಿ ಬೆಳೆದಿದ್ದರೆ, ಅವನು ಕಾಲೇಜಿನ ಪಾಠವನ್ನು ಈಗಲೇ ಕೇಳಬಾರದೇಕೆ? ಕೇಳಿ ತೇರ್ಗಡೆಯಾದರೆ ಅದು ಅವನ ಲೆಕ್ಕಕ್ಕೆ ಜಮೆಯಾಗಬಾರದೇಕೆ?

ಅಮೆರಿಕದಲ್ಲಿ ಇದು ಪ್ರಶ್ನೆಯಾಗಿ ಉಳಿದಿಲ್ಲ. ಅಲ್ಲಿ ಊರೂರಿಗೆ ಸಮುದಾಯ ಕಾಲೇಜುಗಳೆಂಬ ಎರಡು ವರ್ಷದ, ಅಲ್ಪ ಶುಲ್ಕದ ಕಾಲೇಜುಗಳುಂಟು. ಮಿನೆಸೋಟ ರಾಜ್ಯವು 1985ರಲ್ಲಿ, ವಾಷಿಂಗ್ಟನ್ ರಾಜ್ಯವು 1990ರಲ್ಲಿ ಶಾಸನವನ್ನೇ ಮಾಡಿ, ಪ್ರೌಢಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಕಾಲೇಜಿನ ಪಾಠಗಳಿಗೆ ಬೋಧನ ಶುಲ್ಕವಿಲ್ಲದೆ ಕೂರಬಹುದೆಂದು ವಿಧಿಸಿದುವು. ಅಲ್ಲಿ ಗಳಿಸಿದ ಕ್ರೆಡಿಟ್ಟು ಪ್ರೌಢಶಾಲೆಯ ಲೆಕ್ಕಕ್ಕೂ ಸೇರುತ್ತದೆ, ಮುಂದಿನ ಪದವಿಯ ಲೆಕ್ಕಕ್ಕೂ ಸೇರುತ್ತದೆ. ಅಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಈ ದಾರಿಯನ್ನು ಹಿಡಿಯುತ್ತಿರುವರು. ರಜೆಗೆಂದು ಊರಿಗೆ ಬಂದಾಗ ಹದಿನೇಳರ ಹರೆಯದ ಹುಡುಗಿಯು "ನನ್ನ ಕಾಲೇಜಿನ ಒಂದು ವರ್ಷ ಮುಗಿಯಿತು" ಎಂದರೆ ಅಜ್ಜ ಅಜ್ಜಿಯರು ಬೆಕ್ಕಸಬೆರಗಾಗುವರು. ಆದರೆ ಅಲ್ಲಿಯೂ ಎಲ್ಲ ವಿಶ್ವವಿದ್ಯಾನಿಲಯಗಳೂ ಆ ಕ್ರೆಡಿಟ್ಟನ್ನು ಒಪ್ಪುವುದಿಲ್ಲವೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಕಾಗದದ ಮೇಲಿನ ಸಿದ್ಧತೆ ಸಾಕಷ್ಟು ಆಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ ಕ್ರೆಡಿಟ್ಟುಗಳ ಸಂಗ್ರಹಕ್ಕೆ ಒಂದು ಬ್ಯಾಂಕನ್ನೇ ಸ್ಥಾಪಿಸಿತು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಗಳ ವ್ಯಾಸಂಗಕ್ಕೆ ಒಂದು ಕ್ರೆಡಿಟ್ಟು, ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್ಟು ಎಂದು ಲೆಕ್ಕ ಹಾಕಿ, ಶಾಲೆಯನ್ನೂ ಕಾಲೇಜನ್ನೂ ಒಂದೇ ಏಣಿಯ ಮೆಟ್ಟಿಲುಗಳೆಂದು ಪರಿಗಣಿಸಿತು. ಮದರಾಸಿನ ಐಐಟಿಯು 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಗೆ 11ನೆಯ ತರಗತಿಯ ವಿದ್ಯಾರ್ಥಿಯೂ ಅರ್ಹತಾ ಪರೀಕ್ಷೆಯನ್ನು ಬರೆದಿಟ್ಟುಕೊಂಡು, 12 ಮುಗಿದೊಡನೆ ಸೇರಬಹುದು. ಇತ್ತ ನಮ್ಮ ರಾಜ್ಯವು 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಎಲ್ಲರಿಗಿಂತ ಮುಂಚಿತವಾಗಿ ಅಳವಡಿಸಿಕೊಂಡು, 2024ರಲ್ಲಿ ಮತ್ತೆ ಹಿಂದಿನ ಮೂರು ವರ್ಷದ ಪದವಿಗೇ ಮರಳಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಶಿಡ್ಲಘಟ್ಟದ ಹತ್ತನೆಯ ತರಗತಿಯ ಹುಡುಗನಿಗೆ ಮಾತ್ರ ಗೋಡೆಯಾಚೆಯ ಪದವಿಪೂರ್ವ ತರಗತಿಯ ಪಾಠವು ಕಿವಿಗೆ ಬಿದ್ದರೂ ಅದರೊಳಗೆ ಕಾಲಿಡುವ ಅಧಿಕಾರವಿಲ್ಲ.

ಇದು ಪರದೇಶದಿಂದ ಬಂದ ನವೀನ ಕಲ್ಪನೆಯೆಂದು ನಮ್ಮವರು ಬೆದರಬೇಕಾದ ಕಾರಣವಿಲ್ಲ. ಹಿಂದಿನ ಪಾಠಶಾಲೆಗಳಲ್ಲಿ ಹುಡುಗನ ವಯಸ್ಸನ್ನು ಯಾರು ಕೇಳುತ್ತಿದ್ದರು? ಅಮರಕೋಶ ಬಾಯಿಗೆ ಬಂದವನು ರಘುವಂಶಕ್ಕೆ ಹೋಗುತ್ತಿದ್ದನು. ಬಾರದವನು ಮೀಸೆ ಬಂದರೂ ಅಮರಕೋಶದಲ್ಲಿಯೇ ಇರುತ್ತಿದ್ದನು. ಕೂಲಿಮಠಗಳಲ್ಲಿ ಜೈಮಿನಿ ಭಾರತವನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದ ಬಾಲಕರಿಗೆ ಇಂದಿನ ಲೆಕ್ಕದಲ್ಲಿ ಯಾವ ತರಗತಿಯೆಂದು ಹೇಳಬೇಕು? ನಮ್ಮ ಸಂಪ್ರದಾಯದಲ್ಲಿಯಂತೂ ಎಳೆಯ ಪ್ರಾಯದಲ್ಲಿಯೇ ಷಟ್ಸ್ಥಲ ಜ್ಞಾನಿಯೆನಿಸಿದ ಚನ್ನಬಸವಣ್ಣನವರು ಅಲ್ಲಮಪ್ರಭುಗಳ ತರುವಾಯ ಶೂನ್ಯ ಸಿಂಹಾಸನವನ್ನೇರಿದರೆಂದು ನಂಬಿ ನಡೆಯುವವರು ನಾವು. ತೀರ ಹಳೆಯ ಮಾತೇಕೆ? ವಿಜ್ಞಾನಿ ಸಿ. ಎನ್. ಆರ್. ರಾಯರು 1947ರಲ್ಲಿ, ಹದಿಮೂರರ ಪ್ರಾಯದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, 1951ರಲ್ಲಿ ಹದಿನೇಳಕ್ಕೆ ಬಿ.ಎಸ್‌ಸಿ. ಪದವೀಧರರಾದರು. ಆ ಕಾಲದ ಶಾಲೆಯು ಅವರನ್ನು ಹಿಡಿದು ನಿಲ್ಲಿಸಲಿಲ್ಲ.

ನಮ್ಮಲ್ಲಿ ಇನ್ನೊಂದು ವ್ಯವಸ್ಥೆಯೂ ಸದ್ದಿಲ್ಲದೆ ನಡೆದುಬಂದಿದೆ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕದಿಂದ ಪ್ರವೀಣದವರೆಗಿನ ಪರೀಕ್ಷೆಗಳಿವೆ. ಸಂಸ್ಕೃತ ಪಾಠಶಾಲೆಗಳ ಪ್ರಥಮಾ, ಕಾವ್ಯ, ಸಾಹಿತ್ಯ ಪರೀಕ್ಷೆಗಳಿವೆ. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಬೆಳಗಿನ ಜಾವ ಮಠದ ಪಾಠಶಾಲೆಯಲ್ಲಿ ಕಾವ್ಯ ತರಗತಿ, ಹತ್ತು ಗಂಟೆಗೆ ಸರ್ಕಾರದ ಪಠ್ಯಕ್ರಮ ಎಂದು ಎರಡು ದೋಣಿಗಳಲ್ಲಿ ಕಾಲಿಟ್ಟು ದಡ ಸೇರಿದ ಶಿಷ್ಯರು ನಾಡಿನ ತುಂಬ ಇರುವರು. ದುರದೃಷ್ಟವೆಂದರೆ ಇಷ್ಟೆಲ್ಲ ಕಲಿತುದು ಶಾಲೆಯ ಲೆಕ್ಕದ ಪುಸ್ತಕದಲ್ಲಿ ಒಂದು ಕಾಸಾಗಿಯೂ ಜಮೆಯಾಗುವುದಿಲ್ಲ.

ಈ ಮಾತನ್ನು ಅನುಭವದಿಂದ ಹೇಳುತ್ತಿರುವೆನು. ಪ್ರೌಢಶಾಲೆಯಲ್ಲಿದ್ದಾಗಲೇ ನಾನು ಕಾವ, ಜಾಣ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದೆ. ಮನೆಮಾತು ತೆಲುಗು, ಬೀದಿಯ ಮಾತು ತೆಲುಗು ಆಗಿದ್ದ ಈ ಗಡಿನಾಡಿನಲ್ಲಿ ನಡುಗನ್ನಡವನ್ನು ಅನ್ವಯ ಮಾಡಿ ಓದಬಲ್ಲೆನೆಂಬ ಹುರುಪಿನಿಂದ, ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಆಗಿನ ನನ್ನ ಶಾಲೆಯ ಹಿರಿಯ ಅಧ್ಯಾಪಕರೊಬ್ಬರ ಬಳಿಗೆ ಹೋಗಿ, ಕನ್ನಡದ ಅವಧಿಯಲ್ಲಿ ಗ್ರಂಥಾಲಯದಲ್ಲಿ ಕುಳಿತು ಶಬ್ದಮಣಿದರ್ಪಣವನ್ನು ಓದಿಕೊಳ್ಳಲು ಅಪ್ಪಣೆ ಬೇಡಿದೆ. "ಇದನ್ನು ಮನೆಯ ಗೋಡೆಗೆ ತೂಗುಹಾಕು, ಈಗ ಹೋಗಿ ನಿನ್ನ ಜಾಗದಲ್ಲಿ ಕೂತು ಕಾಗುಣಿತ ತಿದ್ದು" ಎಂದರು. ಅವರಿಗೆ ದ್ವೇಷವೇನೂ ಇರಲಿಲ್ಲ. ಅವರ ಕೈಗೆ ಯಾವ ನಿಯಮವೂ ಇರಲಿಲ್ಲ. ಆದರೆ ಅಂದು ನನ್ನ ಪಕ್ಕದಲ್ಲಿ ಕುಳಿತು ನನ್ನೊಡನೆಯೇ ಜಾಣ ಪಾಸಾಗಿದ್ದ ಗೆಳೆಯನೊಬ್ಬನಿಗೆ ಓದೇ ಬೇಸರವಾಗಿ, ಮುಂದಿನ ವರ್ಷ ಅವನು ರೇಷ್ಮೆ ಬಿಚ್ಚುವ ಚರಕದ ಮುಂದೆ ಕುಳಿತನು. ಅವನ ಮನೆಯ ಬಡತನವೂ ಅದಕ್ಕೆ ಕಾರಣವೆಂಬುದನ್ನು ಬಲ್ಲೆ. ಅದೊಂದೇ ಕಾರಣವೆಂದು ಈಗಲೂ ನಾನು ಒಪ್ಪಲಾರೆ.

ರೇಷ್ಮೆಯ ಮಾತು ಬಂತು. ನಮ್ಮ ಸೀಮೆಯ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ, ಆದರೂ ಹೇಳುವೆನು. ಒಂದೇ ದಿನ ಮೊಟ್ಟೆಯೊಡೆದು, ಒಂದೇ ತಟ್ಟೆಯಲ್ಲಿ ಒಂದೇ ಹಿಪ್ಪುನೇರಳೆ ಸೊಪ್ಪನ್ನು ತಿಂದು, ನಾಲ್ಕು ಜ್ವರಗಳನ್ನು ಕಳೆದು ಸುಮಾರು 25 ದಿನಗಳಿಗೆ ಹಣ್ಣಾಗುವ ಹುಳುಗಳು ಎಲ್ಲವೂ ಒಂದೇ ಗಳಿಗೆಗೆ ಹಣ್ಣಾಗುವುದಿಲ್ಲ. ಆ ಎರಡು ದಿನ ಮನೆಯ ಹೆಣ್ಣುಮಕ್ಕಳು ನಿದ್ದೆಗೆಟ್ಟು, ಮೈ ಹೊಳಪೇರಿದ ಹುಳುವನ್ನು ಮಾತ್ರ ಆರಿಸಿ ಆರಿಸಿ ಚಂದ್ರಿಕೆಗೆ ಬಿಡುವರು. ಹಣ್ಣಾಗದ ಹುಳುವನ್ನು ಬಿಟ್ಟರೆ ಅದು ಗೂಡು ಕಟ್ಟದೆ ಅಲೆಯುತ್ತದೆ. ಹಣ್ಣಾದುದನ್ನು ಬಿಡದಿದ್ದರೆ ಕಸದಲ್ಲಿಯೇ ನೂಲನ್ನು ಸುರಿಸಿ ಕೆಡುತ್ತದೆ. ಅಕ್ಷರವನ್ನೇ ಅರಿಯದ ತಾಯಿಯೊಬ್ಬಳು ಹುಳುವಿನ ವಿಷಯದಲ್ಲಿ ತೋರುವ ಈ ವಿವೇಚನೆಯನ್ನು ವಿದ್ಯಾ ಇಲಾಖೆಯು ಮಕ್ಕಳ ವಿಷಯದಲ್ಲಿ ತೋರಬಾರದೆ?

ಹಣ್ಣಾಗದ ಹುಳುವಿನ ಮಾತನ್ನು ಬೇಕೆಂದೇ ಆಡಿದೆನು. ಈಗ ಪಟ್ಟಣಗಳಲ್ಲಿ 'ಫೌಂಡೇಶನ್' ಎಂಬ ಹೆಸರಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಜೆಇಇ, ನೀಟ್ ಪರೀಕ್ಷೆಗಳ ತರಬೇತಿಯನ್ನು ಕೊಡುವ ವ್ಯಾಪಾರ ಬೆಳೆದಿದೆ. ಹೊರನೋಟಕ್ಕೆ ಇದೂ ಮುಂದಿನ ತರಗತಿಯ ಪಾಠವನ್ನು ಮೊದಲೇ ಕಲಿಸುವುದೇ. ಆದರೆ ಇಲ್ಲಿ ಹಸಿವು ಮಗುವಿನದಲ್ಲ, ತಂದೆತಾಯಿಗಳದು. ವಿಷಯದ ರುಚಿಯಿಲ್ಲ, ಉತ್ತರವನ್ನು ಗುರುತು ಹಾಕುವ ಚಾಕಚಕ್ಯವಿದೆ. ಇದಕ್ಕೆ ಮೊದಲು ಬಲಿಯಾಗುವುದು ಭಾಷೆ. ಎಸ್.ಎಸ್.ಎಲ್.ಸಿ.ಯಲ್ಲಿ 125 ಅಂಕಗಳ ಪ್ರಥಮ ಭಾಷೆಯಾಗಿ ಕನ್ನಡವನ್ನು ಬಿಟ್ಟು ಸಂಸ್ಕೃತವನ್ನು ಹಿಡಿಯುವವರಲ್ಲಿ ಎಷ್ಟು ಜನಕ್ಕೆ ಕಾಳಿದಾಸನು ಬೇಕಾಗಿರುವನು? ಉತ್ತರವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಬಹುದೆಂಬುದೇ ಅವರ ಸಂಸ್ಕೃತಾಭಿಮಾನದ ಮೂಲ. ಗೀರ್ವಾಣ ಭಾಷೆಗೂ ಇದಕ್ಕಿಂತ ಹೆಚ್ಚಿನ ಅವಮಾನವಿಲ್ಲ. ಕ್ರೆಡಿಟ್ಟಿನ ಪದ್ಧತಿಯು ಈ ವ್ಯಾಪಾರಿಗಳ ಕೈಗೆ ಸಿಕ್ಕರೆ, ಹನ್ನೆರಡು ವರ್ಷದ ಮಕ್ಕಳಿಗೆ ಪದವಿಯ ಕಂತುಗಳನ್ನು ಮಾರಲಾರರೆಂದು ಹೇಗೆ ನಂಬುವುದು?

ಮತ್ತೊಂದು ಆಕ್ಷೇಪವನ್ನು ನನ್ನ ಸಹೋದ್ಯೋಗಿ ಮಿತ್ರರೇ ಎತ್ತಿರುವರು. ಬಲ್ಲವನನ್ನು ಮೇಲಕ್ಕೆ ಕಳುಹಿಸಿದರೆ ತರಗತಿಯಲ್ಲಿ ಉಳಿದವರಿಗೆ ಮಾದರಿಯಾಗುವವರು ಯಾರು? ಇದು ತೂಕದ ಮಾತು. ಒಂದು ವಿಷಯಕ್ಕೆ, ವಾರಕ್ಕೆ ಒಂದೆರಡು ಬಾರಿ ಹೋಗಿಬರುವವನು ತರಗತಿಯನ್ನು ತೊರೆದಂತಾಗುವುದಿಲ್ಲ ಎಂಬುದಷ್ಟೇ ನನ್ನ ಉತ್ತರ. ಪೂರ್ತಿಯಾಗಿ ತರಗತಿಯನ್ನು ಹಾರಿಸುವುದನ್ನು ನಾನೂ ಒಪ್ಪೆನು. ಗಣಿತದಲ್ಲಿ ಮುಂದಿರುವ ಹುಡುಗ ಗೆಳೆತನದಲ್ಲಿ, ಆಟದಲ್ಲಿ ತನ್ನ ಓರಗೆಯವರೊಡನೆಯೇ ಬೆಳೆಯಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಹೈಸ್ಕೂಲಿನ ಓದಿಗಾಗಿ ಬೆಂಗಳೂರಿನವರೆಗೆ ನಡೆದೇ ಹೋದರು. ಇಂದು ನಡೆಯಬೇಕಾದ ದೂರ ಅಷ್ಟಿಲ್ಲ. ಮಠಗಳ ವಿದ್ಯಾಸಂಸ್ಥೆಗಳಲ್ಲಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜು, ಕೆಲವೆಡೆ ಪದವಿ ಕಾಲೇಜು ಕೂಡ ಒಂದೇ ಆವರಣದಲ್ಲಿರುವುವು. ಒಂದೇ ಆಡಳಿತದ ಕೆಳಗಿರುವುವು. ಸರ್ಕಾರದ ಆಜ್ಞೆಗಾಗಿ ಕಾಯದೆ ನಾವು ಮಾಡಬಹುದಾದುದು ಬಹಳವಿದೆ. ಕ್ರೆಡಿಟ್ಟನ್ನು ಕೊಡುವ ಅಧಿಕಾರ ನಮಗಿಲ್ಲ, ನಿಜ. ಆದರೆ ಪಾಠವನ್ನು ಕೇಳಗೊಡುವ ಅಧಿಕಾರವಿದೆ; ಕೇಳಿದುದನ್ನು ಬರೆದಿಟ್ಟು ವಿದ್ಯಾರ್ಥಿಯ ಕೈಗೆ ಕೊಡುವ ಅಧಿಕಾರವಿದೆ. ಮುಂದೆ ನಮ್ಮ ಜಿಲ್ಲೆಯ ಕಾಲೇಜುಗಳು ಸೇರಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವೋ ಮತ್ತೊಂದೋ ಅದನ್ನು ಮನ್ನಿಸುವ ಕಾಲ ಬಂದರೆ ದಾಖಲೆ ಸಿದ್ಧವಾಗಿರುವುದು. ಶುಲ್ಕವಂತೂ ಕೂಡದು, ಶುಲ್ಕವಿಟ್ಟ ದಿನವೇ ನನ್ನ ಗೆಳೆಯನಂಥವರು ಹೊರಗುಳಿದರು.

ಆದುದರಿಂದ ಆಡಳಿತ ಮಂಡಲಿಯವರಲ್ಲಿ ನನ್ನ ವಿನಂತಿಯಿಷ್ಟು. ಬರುವ ಶಾಲಾ ವರ್ಷದಿಂದ ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ತಾವಾಗಿ ಬಯಸಿ ಬರುವ ಐದಾರು ವಿದ್ಯಾರ್ಥಿಗಳಿಗೆ, ವಿಷಯದ ಅಧ್ಯಾಪಕರು ಒಪ್ಪಿದಲ್ಲಿ, ಶನಿವಾರ ಮಧ್ಯಾಹ್ನ ಪದವಿಪೂರ್ವ ತರಗತಿಯ ಒಂದು ವಿಷಯದ ಪಾಠವನ್ನು ಕೇಳುವ ಅವಕಾಶವಾಗಲಿ. ಗಣಿತಕ್ಕೂ ವಿಜ್ಞಾನಕ್ಕೂ ಉಪನ್ಯಾಸಕರು ದೊರೆಯುವರೆಂದು ನಂಬಿರುವೆನು. ಕನ್ನಡಕ್ಕೆ ಯಾರನ್ನೂ ಹುಡುಕಬೇಕಾದುದಿಲ್ಲ. ಮೂಲೆಯ ಕೊಠಡಿಯ ಬೀಗದ ಕೈಯನ್ನು ನನಗೆ ಕೊಟ್ಟರೆ, ಕೇಶಿರಾಜನ ಸಂಧಿಪ್ರಕರಣದಿಂದ ಆರಂಭಿಸುವೆನು.