ಅಶ್ವಕ್ಕೆ ಕಡಿವಾಣ

ಹಿತ್ತಲ ಕೊಟ್ಟಿಗೆಯಲ್ಲಿ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಬಿಚ್ಚಿಟ್ಟುಕೊಂಡು ಪಂದ್ಯದ ಕಾರನ್ನು ಕಟ್ಟಲು ಹೊರಟ ಮಗನನ್ನು ಗದರಿಸುವ ತಂದೆಯರುಂಟು. ಮಮತೆಯಿಂದ ಸುಮ್ಮನಿರುವವರೂ ಉಂಟು. ಎರಡೂ ಉಚಿತವಲ್ಲ.

ಕೆಂಗೇರಿಯ ಸಮೀಪ, ಮೈಸೂರು ರಸ್ತೆಯಲ್ಲಿರುವ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ 'ಅಶ್ವ' ಎಂಬ ತಂಡವನ್ನು ಕಟ್ಟಿ, ಪಂದ್ಯದ ಕಾರುಗಳನ್ನು ಸ್ವಹಸ್ತದಿಂದ ನಿರ್ಮಿಸತೊಡಗಿದರು. ಇಂತಹ ವಿದ್ಯಾರ್ಥಿಗಳಿಗಾಗಿ ಅಮೆರಿಕೆಯಲ್ಲಿ ಆರಂಭವಾದ ಫಾರ್ಮುಲಾ ಎಸ್.ಎ.ಇ. ಸ್ಪರ್ಧೆಯ ನಿಯಮಗಳು ಗೃಹಸ್ಥರಿಗೂ ಮನನಯೋಗ್ಯವಾಗಿವೆ. 1000 ಅಂಕಗಳಲ್ಲಿ 325 ಅಂಕಗಳು ಓಟಕ್ಕಲ್ಲ. ವಿನ್ಯಾಸದ ಸಮರ್ಥನೆಗೆ, ಖರ್ಚಿನ ಲೆಕ್ಕಕ್ಕೆ, ವ್ಯಾಪಾರದ ನಿರೂಪಣೆಗೆ ಮೀಸಲು. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಕಂಡಿಯೊಂದರಿಂದಲೇ ಹಾಯಬೇಕು. ಬಲಕ್ಕೆ ಅಲ್ಲಿಯೇ ಮಿತಿ. ಬ್ರೇಕು ಒತ್ತಿದಾಗ ನಾಲ್ಕು ಚಕ್ರಗಳೂ ಬಿಗಿದು ನಿಲ್ಲದಿದ್ದರೆ ಪಂದ್ಯದಲ್ಲಿ ಓಡಲು ಅಪ್ಪಣೆಯಿಲ್ಲ. ಚಾಲಕನು 5 ಸೆಕೆಂಡುಗಳೊಳಗೆ ಕಾರಿನಿಂದ ಹೊರಬರಲೂ ಬೇಕು.

ಆದುದರಿಂದ ಮಗನನ್ನು "ಎಷ್ಟು ವೇಗ ಓಡೀತು?" ಎಂದು ಕೇಳಬೇಡಿರಿ. "ಹೇಗೆ ನಿಲ್ಲಿಸುವೆ? ಬೆಂಕಿ ಹತ್ತಿದರೆ ಹೇಗೆ ಹೊರಬರುವೆ? ಖರ್ಚಿನ ಲೆಕ್ಕವೆಲ್ಲಿ?" ಎಂದು ಕೇಳಿರಿ. ಉತ್ತರ ದೊರೆಯುವವರೆಗೆ ಕಾರು ಕೊಟ್ಟಿಗೆಯಲ್ಲಿಯೇ ಇರಲಿ; ದೊರೆತ ಮೇಲೆಯೂ ಊರಿನ ರಸ್ತೆಗೆ ಇಳಿಯದಿರಲಿ. ಕುದುರೆಯನ್ನು ಕಟ್ಟುವವನು ಕಡಿವಾಣವನ್ನು ಮೊದಲು ಸಿದ್ಧಪಡಿಸಬೇಕು.